ಎಷ್ಟು ಗಜದವರೆಗೆ ಬಾಣ ಬಿಡಬಹುದು? ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಶಿಕಾರಿಗೆ ಹೊರಟವನ ಪ್ರಶ್ನೆ

ಮಂಡಗದ್ದೆ ಹುಡುಗ · ಆಗಸ್ಟ್ 17, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಊರು ಮಂಡಗದ್ದೆ ಕಡೆ, ಕೆಲಸ ಮೂರು ವರ್ಷದಿಂದ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಈಗ ರಜೆಗೆ ಮನೆಗೆ ಬಂದಿದ್ದೇನೆ, ತಿಂಗಳ ಕೊನೆಗೆ ವಾಪಸ್.

ಅಲ್ಲಿ ನನ್ನ ಪಕ್ಕದ ಮನೆಯವರು ಹೈನುಗಾರಿಕೆ ಮಾಡುವ ರೈತರು. ಅವರ ಜೋಳದ ಹೊಲದ ಅಂಚಿನ ಕಾಡಿನಲ್ಲಿ ಬಿಳಿಬಾಲದ ಜಿಂಕೆ ತುಂಬ ಇವೆ. ಈ ಸಲ ಬಿಲ್ಲಿನ ಶಿಕಾರಿಗೆ ನೀನೂ ಬಾ ಅಂದಿದ್ದಾರೆ. ಸೆಪ್ಟೆಂಬರ್ ಮಧ್ಯದಿಂದ ಜನವರಿ ಮೊದಲ ವಾರಗಳವರೆಗೆ ಬಿಲ್ಲಿಗೆ ಅವಕಾಶ. 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ ಪರವಾನಗಿ ಬೇಕಾದರೆ ಮೊದಲು ಶಿಕಾರಿ ತರಬೇತಿ ಮುಗಿಸಿರಬೇಕು, ಅದನ್ನು ಬೇಸಿಗೆಯಲ್ಲೇ ಮುಗಿಸಿದ್ದೇನೆ.

ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ನಾಲ್ಕು ವರ್ಷ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಹಿಡಿದವನು ನಾನು. 50 ಮೀಟರಿನಲ್ಲಿ ಹತ್ತಕ್ಕೆ ಎಂಟು ಬಾಣ ಫಲಕದ ನಡುವಿನ ಹಳದಿಗೇ ಕೂರುತ್ತವೆ. ಅಲ್ಲಿನ ನನ್ನ ಸಹೋದ್ಯೋಗಿ "ಹಾಗಾದರೆ 50 ಗಜ ನಿನಗೆ ಲೆಕ್ಕವೇ ಅಲ್ಲ" ಅನ್ನುತ್ತಾನೆ. ಪಕ್ಕದ ಮನೆಯ ರೈತರನ್ನು ಕೇಳಿದರೆ "ಇಪ್ಪತ್ತು" ಅಂದು ಸುಮ್ಮನಾದರು. ಇಷ್ಟು ವ್ಯತ್ಯಾಸ ಯಾಕೆ? ನನ್ನ ಗಡಿ ಎಷ್ಟು ಅಂತ ನಾನು ಹೇಗೆ ತಿಳಿದುಕೊಳ್ಳಲಿ?

---

ಶೆಟ್ಟಿಹಳ್ಳಿ ಅಂಚು · ಆಗಸ್ಟ್ 17, ರಾತ್ರಿ 10:15

ಉತ್ತರ ಬರುವ ಮೊದಲು ಒಂದು ಮಾತು ಬರೆದಿಟ್ಟುಬಿಡುತ್ತೇನೆ, ಇದನ್ನು ಓದುವ ಹುಡುಗರು ತಪ್ಪು ತಿಳಿಯಬಾರದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಬೇಟೆಯಾಡುವಂತಿಲ್ಲ. ಬಿಲ್ಲು, ಕೋವಿ, ಉರುಳು, ಎಲ್ಲಕ್ಕೂ ಒಂದೇ ಕಾನೂನು. ಕೊಂದರೆ ಮಾತ್ರ ಅಪರಾಧ ಅಂತಲೂ ಇಲ್ಲ. ಬೆನ್ನಟ್ಟುವುದು, ಸೋವುವುದು (ಕೂಗಿ ಎಬ್ಬಿಸಿ ಓಡಿಸುವುದು), ಆಮಿಷ ಇಡುವುದು, ಕೊಲ್ಲಲು ಪ್ರಯತ್ನಿಸುವುದು ಕೂಡ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಇಲ್ಲಿ ನಡೆಯುವ ಮಾತೆಲ್ಲ ಅಲ್ಲಿನ ಜಿಂಕೆಯದು, ಅಲ್ಲಿನ ಪರವಾನಗಿಯದು.

---

ಆಗುಂಬೆ ಮಳೆ · ಆಗಸ್ಟ್ 18, ಬೆಳಗ್ಗೆ 6:20

ತಮ್ಮಾ, ನಾನು ಹನ್ನೊಂದು ವರ್ಷ ಅದೇ ರಾಜ್ಯದಲ್ಲಿದ್ದು ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿ ಎಂಟು ಶರತ್ಕಾಲ ಬಿಲ್ಲು ಹಿಡಿದು ಮರದ ಮೇಲೆ ಕೂತಿದ್ದೇನೆ. ಆ ರೈತರು ಹೇಳಿದ್ದು ಸರಿ. ಯಾಕೆ ಸರಿ ಅನ್ನುವುದಕ್ಕೆ ನಿನ್ನ ಮಾತಿನಿಂದಲೇ ಶುರು ಮಾಡುತ್ತೇನೆ.

ಹತ್ತರಲ್ಲಿ ಎಂಟು ಹಳದಿಗೆ ಅಂದೆ. ಉಳಿದೆರಡು ಎಲ್ಲಿ ಬಿದ್ದವು?

ಫಲಕದಲ್ಲಾದರೆ ಅವು ಎಂಟು ಅಂಕ, ಏಳು ಅಂಕ. ಒಟ್ಟು ಮೊತ್ತದಲ್ಲಿ ಕರಗಿಹೋಗುತ್ತವೆ. ಜಿಂಕೆಯಲ್ಲಾದರೆ ಒಂದು ಹೊಟ್ಟೆಗೆ, ಇನ್ನೊಂದು ಹೆಗಲ ಮೂಳೆಗೆ. ಅಲ್ಲಿ ಕರಗುವುದಿಲ್ಲ. ಸ್ಪರ್ಧೆ ನಿನ್ನ ಒಟ್ಟು ಲೆಕ್ಕ ಕೇಳುತ್ತದೆ. ಜಿಂಕೆಯ ಮುಂದೆ ನಿನ್ನ ಅತಿ ಕೆಟ್ಟ ಬಾಣ ಎಲ್ಲಿ ಬೀಳುತ್ತದೆ ಅನ್ನುವುದೊಂದೇ ಲೆಕ್ಕ. ಯಾಕೆಂದರೆ ಆ ದಿನ ಕೈಯಿಂದ ಹೊರಡುವುದು ಅದೇ ಬಾಣ ಅಲ್ಲ ಅಂತ ಯಾರು ಹೇಳಬಲ್ಲರು?

ಇನ್ನೊಂದು. ಗುಂಡು ಬಿದ್ದ ಪ್ರಾಣಿಗೆ ಏಟಿನ ಆಘಾತವೂ ಇರುತ್ತದೆ. ಬಾಣಕ್ಕೆ ಆ ಬಲ ಇಲ್ಲ. ಬಾಣದ ಅಗಲ ಅಲಗಿನ ಮೊನೆ, ಅಂದರೆ ಬ್ರಾಡ್‌ಹೆಡ್, ಒಳಗೆ ಕೊಯ್ದು ನೆತ್ತರು ಬಸಿದು ಸಾಯಿಸುತ್ತದೆ, ಅಷ್ಟೇ ಅದರ ಕೆಲಸ. ಎರಡೂ ಶ್ವಾಸಕೋಶ ಹಾದುಹೋದರೆ ಪ್ರಾಣಿ ನೂರು ಗಜದ ಆಸುಪಾಸಿನಲ್ಲಿ ಬೀಳುತ್ತದೆ, ಸೆಕೆಂಡುಗಳಲ್ಲಿ ಮುಗಿಯುತ್ತದೆ. ಹೃದಯ, ಶ್ವಾಸಕೋಶ ಸೇರಿ ಎಂಟು ಇಂಚಿನ ಒಂದು ವೃತ್ತ ಅಂತ ಇಟ್ಟುಕೋ, ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಅರ್ಧದಲ್ಲಿ. ಅದರಿಂದ ಒಂದು ಗೇಣು ಹಿಂದೆ ಸರಿದರೂ ಗಂಟೆಗಟ್ಟಲೆಯ ನರಳಾಟ.

ಅದಕ್ಕೆ ಊರಲ್ಲಿರುವಾಗಲೇ ಒಂದು ಪರೀಕ್ಷೆ ಮಾಡು. ಹಳೇ ಬಿಲ್ಲು ಮನೆಯಲ್ಲಿದ್ದರೆ ಅಡಿಕೆ ಅಂಗಳದ ತುದಿಗೆ ಹುಲ್ಲಿನ ಪಿಂಡಿ ಒಟ್ಟಿ, ಹಿಂದುಗಡೆ ಎತ್ತರದ ಮಣ್ಣಿನ ಧರೆ ಇರುವಂತೆ ನೋಡಿಕೊಂಡು, ಆರು ಇಂಚಿನ ಕಾಗದದ ತಟ್ಟೆ ಸಿಕ್ಕಿಸು. ಎಂಟಲ್ಲ, ಆರು. ಉಳಿದೆರಡು ಇಂಚನ್ನು ಚಳಿ, ಭಯ, ಕತ್ತಲು ತಿಂದುಹಾಕುತ್ತವೆ. ಬೆಳಗ್ಗೆ ಎದ್ದು ಮುಖ ತೊಳೆದ ಕೂಡಲೇ ಹೋಗಿ ಒಂದೇ ಒಂದು ಬಾಣ ಬಿಡು. ಮೈ ಬಿಸಿ ಮಾಡಿಕೊಳ್ಳಬೇಡ, ಎರಡನೆಯದು ಬಿಡಬೇಡ. ತಟ್ಟೆಗೆ ಬಿತ್ತೋ ಇಲ್ಲವೋ ಅಂತ ಕ್ಯಾಲೆಂಡರಿನಲ್ಲಿ ಬರೆದಿಡು. 20 ಗಜದಲ್ಲಿ ಐದು ದಿನ ಒಂದೂ ತಪ್ಪದಿದ್ದರೆ 25ಕ್ಕೆ ಹೋಗು. ಒಂದು ತಪ್ಪಿದರೆ ಹಿಂದಿನ ದೂರಕ್ಕೆ ವಾಪಸ್. ಅಭ್ಯಾಸದ ಇಪ್ಪತ್ತನೇ ಬಾಣ ಎಷ್ಟು ಚೆಂದ ಬಿತ್ತು ಅನ್ನುವುದು ಕಾಡಿನಲ್ಲಿ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಅಲ್ಲಿ ಮೂರು ಗಂಟೆ ಮರಗಟ್ಟಿ ಕೂತ ಮೇಲೆ ಬಿಡುವ ಮೊದಲನೇ ಬಾಣವೇ ಕೊನೆಯದೂ.

---

ಮಂಡಗದ್ದೆ ಹುಡುಗ · ಆಗಸ್ಟ್ 18, ಬೆಳಗ್ಗೆ 8:05

ಅಣ್ಣ, ಆ ಎರಡು ಬಾಣದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತಿನವರೆಗೆ ಅವುಗಳನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಹಳೇ ಬಿಲ್ಲು ಅಟ್ಟದಲ್ಲಿದೆ, ಅದರ ಎಳೆತದ ಬಲವೂ ಅಲ್ಲಿರುವ ಬಿಲ್ಲಿನಂತೆ 60 ಪೌಂಡೇ. ದಾರ ಹೊಸದು ಹಾಕಿಸಿ ಶುರು ಮಾಡುತ್ತೇನೆ. ಮಳೆ ಬಿಡುತ್ತಿಲ್ಲ, ಬಿಟ್ಟಾಗ ಬಿಡುತ್ತೇನೆ.

ಆದರೆ ಒಂದು ಅನುಮಾನ. 50 ಮೀಟರ್ ಫಲಕದಲ್ಲಿ ಹಳದಿ ಅಂದರೆ 16 ಸೆಂಟಿಮೀಟರ್ ಅಗಲ. ಜಿಂಕೆಯ ಎಂಟು ಇಂಚು ಅಂದರೆ 20 ಸೆಂಟಿಮೀಟರ್. ಅಂದಮೇಲೆ ಹತ್ತಕ್ಕೆ ಹತ್ತೂ ಹಳದಿಗೆ ಹೊಡೆಯುವವನು ಆ ದೂರದಿಂದ ಹೊಡೆಯಬಹುದು ಅಂತಾಯಿತಲ್ಲವೇ?

---

ಗುರಿಫಲಕ · ಆಗಸ್ಟ್ 18, ಮಧ್ಯಾಹ್ನ 1:30

ನಾನು ಶಿವಮೊಗ್ಗದಲ್ಲಿ ಮಕ್ಕಳಿಗೆ ಬಿಲ್ಲುಗಾರಿಕೆ ಹೇಳಿಕೊಡುತ್ತೇನೆ. ಶಿಕಾರಿ ನನಗೆ ಗೊತ್ತಿಲ್ಲ, ಬಾಣ ಗೊತ್ತು. ನಿಮ್ಮ ಅನುಮಾನಕ್ಕೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ, ಏಕೆಂದರೆ ಫಲಕಕ್ಕೂ ಪ್ರಾಣಿಗೂ ಇರುವ ವ್ಯತ್ಯಾಸ ಕಾಣುವುದು ಲೆಕ್ಕದಲ್ಲೇ. ಪ್ರಾಣಿಗೆ ಕಿವಿ ಇದೆ.

ನಿಮ್ಮ ಬಾಣ ಸೆಕೆಂಡಿಗೆ 270 ಅಡಿ ಹೋಗುತ್ತದೆ ಅಂತಿಟ್ಟುಕೊಳ್ಳಿ. ದಾರ ಬಿಟ್ಟ ಸದ್ದು ಸೆಕೆಂಡಿಗೆ 1,100 ಅಡಿ. ಅಂದರೆ ಸದ್ದು ಬಾಣಕ್ಕಿಂತ ನಾಲ್ಕು ಪಟ್ಟು ಬೇಗ ಜಿಂಕೆಯನ್ನು ಮುಟ್ಟುತ್ತದೆ. ಬೆಚ್ಚಿದ ಜಿಂಕೆ ನೆಗೆಯುವ ಮೊದಲು ಕಾಲು ಮಡಚಿ ಮೈಯನ್ನು ಕೆಳಕ್ಕೆ ಇಳಿಸುತ್ತದೆ, ನಮ್ಮ ಕಬಡ್ಡಿ ಹುಡುಗರು ಹಾರುವ ಮೊದಲು ಕುಗ್ಗುವಂತೆ. ಆ ಇಳಿತ ಹೆಚ್ಚೆಂದರೆ ಕಲ್ಲು ಬೀಳುವಷ್ಟು ವೇಗದಲ್ಲಿ ಆಗುತ್ತದೆ ಅಂದುಕೊಂಡು ಲೆಕ್ಕ ಹಾಕೋಣ. ಸದ್ದು ಕೇಳಿ ಮೈ ಅಲುಗಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯೋಣ.

20 ಗಜಕ್ಕೆ ಬಾಣ 0.22 ಸೆಕೆಂಡು ತೆಗೆದುಕೊಳ್ಳುತ್ತದೆ. ಸದ್ದು ಮುಟ್ಟುವುದಕ್ಕೆ 0.05, ಬೆಚ್ಚುವುದಕ್ಕೆ 0.1 ಕಳೆದರೆ ಜಿಂಕೆಗೆ ಉಳಿಯುವುದು 0.07 ಸೆಕೆಂಡು. ಅಷ್ಟರಲ್ಲಿ ಮೈ ಎರಡು ಸೆಂಟಿಮೀಟರಿನಷ್ಟು ಇಳಿದೀತು. ಏನೂ ಅಲ್ಲ.

30 ಗಜಕ್ಕೆ 0.33 ಸೆಕೆಂಡು. ಉಳಿಯುವುದು 0.15. ಇಳಿತ 11 ಸೆಂಟಿಮೀಟರ್. ನೀವು ವೃತ್ತದ ನಡುಮಧ್ಯಕ್ಕೇ ಬಿಟ್ಟಿದ್ದರೂ ಬಾಣ ವೃತ್ತದ ಮೇಲಂಚು ದಾಟಿತು.

40 ಗಜಕ್ಕೆ 0.44 ಸೆಕೆಂಡು. ಉಳಿಯುವುದು 0.235. ಇಳಿತ 27 ಸೆಂಟಿಮೀಟರ್! ದೂರ ಎರಡು ಪಟ್ಟಾದರೆ ಇಳಿತ ಹನ್ನೆರಡು ಪಟ್ಟಿಗೂ ಹೆಚ್ಚು. ಇದರಲ್ಲಿ ನಿಮ್ಮ ತಪ್ಪು ಒಂದು ಕೂದಲಿನಷ್ಟೂ ಇಲ್ಲ. ನೀವು ಒಲಿಂಪಿಕ್ಸ್ ಆಡಿ ಬಂದಿದ್ದರೂ ಈ 27 ಸೆಂಟಿಮೀಟರ್ ಇದ್ದೇ ಇರುತ್ತದೆ.

ಎಲ್ಲ ಜಿಂಕೆಯೂ ಎಲ್ಲ ಸಲವೂ ಹೀಗೆ ಕುಗ್ಗುವುದಿಲ್ಲ. ನಿರಾಳವಾಗಿ ಮೇಯುತ್ತಿರುವುದು ಅಲುಗದೇ ಇರಬಹುದು, ಕಿವಿ ನೆಟ್ಟಗೆ ಮಾಡಿ ನಿಂತಿದ್ದು ಅಲುಗುವ ಸಾಧ್ಯತೆ ಹೆಚ್ಚು. ಯಾವುದು ಏನು ಮಾಡುತ್ತದೆ ಅನ್ನುವುದು ಬಾಣ ಹೋದ ಮೇಲೆ ತಿಳಿಯುವ ವಿಷಯ.

ದೂರ ಅಂದಾಜಿಸುವಾಗಿನ ತಪ್ಪೂ ಸೇರಿಸಿಕೊಳ್ಳಿ. 20 ಅಂದುಕೊಂಡದ್ದು 25 ಆಗಿದ್ದರೆ ಇದೇ ಬಾಣ ಎಂಟು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 40 ಅಂದುಕೊಂಡದ್ದು 45 ಆಗಿದ್ದರೆ ಹದಿನಾಲ್ಕು. ಕ್ರೀಡಾಂಗಣದಲ್ಲಿ ದೂರವನ್ನು ಟೇಪಿನಲ್ಲಿ ಅಳೆದು ಗೆರೆ ಎಳೆದಿರುತ್ತಾರೆ, ಹಾಗಾಗಿ ನಮ್ಮ ಹುಡುಗರಿಗೆ ಈ ಅಭ್ಯಾಸವೇ ಇರುವುದಿಲ್ಲ.

---

ಸಾಗರದ ಸೀತಾಳೆ · ಆಗಸ್ಟ್ 18, ಸಂಜೆ 7:10

ಕೇಳುವುದಕ್ಕೆ ಕ್ಷಮೆ ಇರಲಿ. ಇಷ್ಟೆಲ್ಲ ಲೆಕ್ಕ ಓದಿದ ಮೇಲೆ ನನಗೆ ಅನಿಸುವುದು, ಒಂದು ಜೀವ ನರಳುವ ಸಾಧ್ಯತೆ ಇಷ್ಟಿದೆ ಅಂತ ಗೊತ್ತಿದ್ದೂ ಯಾಕೆ ಹೊಡೆಯಬೇಕು? ಮೃಗವಧೆ ಅನ್ನುವ ಊರಿನ ದೇವಸ್ಥಾನಕ್ಕೆ ಹೋದಾಗಲೆಲ್ಲ ಅಲ್ಲಿನ ಮಾರೀಚನ ಕಥೆ ನೆನಪಾಗುತ್ತದೆ. ರಾಮನ ಬಾಣ ಬಿದ್ದರೂ ಆ ಮೃಗಕ್ಕೆ ಕೂಗುವಷ್ಟು ಉಸಿರು ಉಳಿದಿತ್ತು. ರಾಮನ ಬಾಣಕ್ಕೇ ಹಾಗಾದರೆ?

---

ಆಗುಂಬೆ ಮಳೆ · ಆಗಸ್ಟ್ 18, ರಾತ್ರಿ 9:55

ಅಕ್ಕ, ಕ್ಷಮೆ ಕೇಳಬೇಡಿ. ಕೇಳಬೇಕಾದ್ದನ್ನೇ ಕೇಳಿದಿರಿ.

ಅಲ್ಲಿ ತೋಳ ಇರುವುದು ಹೆಚ್ಚಾಗಿ ಉತ್ತರದ ಮತ್ತು ನಡುಭಾಗದ ಕಾಡುಗಳಲ್ಲಿ, ದಕ್ಷಿಣದ ಹೊಲಗಳ ನಡುವೆ ಜಿಂಕೆಯನ್ನು ತಿನ್ನುವ ದೊಡ್ಡ ಪ್ರಾಣಿ ಹೆಚ್ಚಿಲ್ಲ. ಜಿಂಕೆ ಹೆಚ್ಚಾದರೆ ಕಾಡಿನ ಸಸಿ ಮೇಲೇಳುವುದಿಲ್ಲ, ಚಳಿಗಾಲದಲ್ಲಿ ಅವೇ ಹಸಿದು ಸಾಯುತ್ತವೆ, ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸಾಯುತ್ತವೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1933ರಿಂದ ವನ್ಯಜೀವಿ ನಿರ್ವಹಣೆ ಕಲಿಸಿದ ಆಲ್ಡೊ ಲಿಯೊಪೋಲ್ಡ್ ಈ ವಿಷಯವನ್ನು ಆಗಲೇ ಎತ್ತಿದ್ದರು, ಅವರೂ ತಮ್ಮ ಬಿಲ್ಲನ್ನು ತಾವೇ ಮಾಡಿಕೊಂಡು ಶಿಕಾರಿ ಮಾಡಿದವರು. ಇಷ್ಟು ಹೇಳಿದ ಮಾತ್ರಕ್ಕೆ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಆಯಿತು ಅಂತ ನಾನು ಹೇಳುವುದಿಲ್ಲ. ನೀವು ಹೊಡೆಯಬಾರದು ಅಂದರೆ ಅದನ್ನು ನಾನು ಗೌರವಿಸುತ್ತೇನೆ. ಹೊಡೆಯುತ್ತೇನೆ ಅನ್ನುವವನು ಮಾತ್ರ ನರಳಾಟದ ಲೆಕ್ಕವನ್ನು ಮೊದಲೇ ಮಾಡಬೇಕು, ಆಮೇಲೆ ಅಲ್ಲ.

ಆಮೇಲೆ ಮಾಡಿದವನು ನಾನು. ಅದನ್ನೂ ಬರೆಯುತ್ತೇನೆ, ತಮ್ಮ ಓದಲಿ.

ಮೂರನೇ ವರ್ಷ. ನವೆಂಬರ್ ಮೊದಲ ವಾರ, ಗಂಡು ಜಿಂಕೆಗಳು ಬೆದೆಗೆ ಬಂದು ಹಗಲಿನಲ್ಲೇ ತಿರುಗುವ ಸಮಯ. ನನ್ನ ಗಡಿ 30 ಅಂತ ನಾನೇ ಇಟ್ಟುಕೊಂಡಿದ್ದೆ. ಆರು ದಿನ ಕೂತರೂ ಏನೂ ಬಂದಿರಲಿಲ್ಲ. ಏಳನೇ ಸಂಜೆ ದೊಡ್ಡ ಕೊಂಬಿನದೊಂದು ಬಂತು. ದೂರ ನೋಡಿದೆ, 38. ಬೆಳಕು ಹೋಗುತ್ತಿತ್ತು. ಇನ್ನು ಎಂಟೇ ಗಜ ತಾನೇ ಅಂದುಕೊಂಡೆ. ಅಭ್ಯಾಸದಲ್ಲಿ 40ಕ್ಕೂ ಹೊಡೆದಿದ್ದೆನಲ್ಲ ಅಂದುಕೊಂಡೆ. ಈ ಮಾತುಗಳೆಲ್ಲ ತಲೆಯಲ್ಲಿ ಓಡಿದ್ದು ಒಂದೇ ಉಸಿರಿನಲ್ಲಿ. ಬಿಟ್ಟೆ.

ಅದು ಕುಗ್ಗಿ ತಿರುಗಿತು. ಬಾಣ ಹೊಟ್ಟೆಗೆ ಬಿತ್ತು. ಬೆನ್ನು ಬಾಗಿಸಿಕೊಂಡು ನಿಧಾನ ನಡೆದುಹೋಯಿತು. ಹೊಟ್ಟೆಗೆ ಬಿದ್ದದ್ದು ಹಾಗೇ ನಡೆಯುತ್ತದೆ. ಬಾಣ ತೆಗೆದು ನೋಡಿದರೆ ನೆತ್ತರಿಗಿಂತ ಹಸಿರು ಹೆಚ್ಚಿತ್ತು, ಮೂಗಿಗೆ ಹಿಡಿದರೆ ಮೇವಿನ ಹುಳಿ ವಾಸನೆ. ಅಂಥ ಏಟಿಗೆ ಎಂಟರಿಂದ ಹನ್ನೆರಡು ಗಂಟೆ ಕಾಯಬೇಕು, ಬೆನ್ನು ಹತ್ತಿದರೆ ಎದ್ದು ಮೈಲಿಗಟ್ಟಲೆ ಹೋಗುತ್ತದೆ. ರಾತ್ರಿಯೆಲ್ಲ ಕಾದೆ. ಬೆಳಗಿನ ಜಾವ ಮಳೆ ಹೊಯ್ದು ಜಾಡು ತೊಳೆದುಹೋಯಿತು. ಎರಡು ದಿನ ರಜೆ ಹಾಕಿ ಹುಡುಕಿದೆ, ಸಿಗಲಿಲ್ಲ. ಆ ವರ್ಷ ಮತ್ತೆ ಬಿಲ್ಲು ಮುಟ್ಟಲಿಲ್ಲ.

ನನಗೆ 38 ಗಜ ಹೊಡೆಯುವ ಕೈ ಇತ್ತು. ಆ ಬೆಳಕಿನಲ್ಲಿ, ಆ ಪ್ರಾಣಿಗೆ, ಏಳು ದಿನ ಕಾದು ಬಳಲಿದ ಮನಸ್ಸಿಗೆ ಇರಲಿಲ್ಲ. ಗಡಿಯನ್ನು ಮನೆಯಲ್ಲಿ ಕೂತು ಗೀಚಿದ್ದೆ, ಮರದ ಮೇಲೆ ಕೂತಾಗ ಅಳಿಸಿಬಿಟ್ಟೆ.

---

ಹಳೇ ಹೊಸನಗರ · ಆಗಸ್ಟ್ 19, ಬೆಳಗ್ಗೆ 11:00

ನನಗೆ ಎಪ್ಪತ್ತು ದಾಟಿದೆ. ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ.

ಕಾಯ್ದೆ ಬರುವ ಮೊದಲಿನ ಮಾತು. ನಮ್ಮ ಅಪ್ಪಯ್ಯನ ಹತ್ತಿರ ಕೇಪಿನ ಕೋವಿ ಇತ್ತು. ಆಗ ಕೈಯಲ್ಲಿ ಕೋವಿಯಿದ್ದರೂ "ಬಿಲ್ಲಿಗೆ ಕೂರುವುದು" ಅಂತಲೇ ಅನ್ನುತ್ತಿದ್ದರು. ಹಳು ಸೋಯುವವರು ಆ ಕಡೆಯಿಂದ ಕೂಗುತ್ತ ಬಂದರೆ, ಬಿಲ್ಲಿಗೆ ಕೂತವರು ಈ ಕಡೆ ಕಾಯುವುದು. ಮರದ ಮೇಲೆ ಅಟ್ಟಣೆ ಕಟ್ಟಿ ಕೂತರೆ ಅದು ಮರಸು.

ಒಂದು ಸಂಜೆ ಅಪ್ಪಯ್ಯ ಗದ್ದೆ ಬದಿಯ ಮರಸಿನಿಂದ ಕಡವೆಗೆ ಈಡು ಹೊಡೆದರು. ದೂರ ಇತ್ತು. ಬಿತ್ತು ಅಂತ ಓಡಿ ನೋಡಿದರೆ ನೆತ್ತರು ಇದೆ, ಕಡವೆ ಇಲ್ಲ. ನಾನೂ ಲಾಟೀನು ಹಿಡಿದು ಹೋಗಿದ್ದೆ. ನಾಲ್ಕನೇ ದಿನಕ್ಕೆ ಹಳ್ಳದ ಬದಿಯಿಂದ ವಾಸನೆ ಬಂತು. ನೀರು ಕುಡಿಯಲು ಬಂದದ್ದು ಅಲ್ಲೇ ಮಗುಚಿತ್ತು. ಮುಖ ನೀರಿಗೆ ಒಂದು ಮೊಳ ದೂರ ಇತ್ತು. ಅಪ್ಪಯ್ಯ ಅದನ್ನೇ ನೋಡುತ್ತ ಬಹಳ ಹೊತ್ತು ನಿಂತರು.

ಮಾರನೇ ದಿನ ಕತ್ತಿ ತಗೊಂಡು ಹೋಗಿ ಮರಸಿನ ಸುತ್ತ ಇದ್ದ ಮರಗಳಲ್ಲಿ ನಾಲ್ಕಕ್ಕೆ ಗುರುತು ಕಚ್ಚು ಹಾಕಿದರು. ಗದ್ದೆ ಕಡೆಗೆ ಒಂದು ಹೊನ್ನೆ ಮರ. "ಆ ಹೊನ್ನೆಯಿಂದ ಆಚೆ ದೇವರೇ ಬಂದು ನಿಂತರೂ ಈಡಿಲ್ಲ" ಅಂದರು. ಅವರು ಕೋವಿ ಕೆಳಗಿಡುವವರೆಗೂ ಹಾಗೇ ನಡೆದುಕೊಂಡರು. ದೂರವನ್ನು ಹೊತ್ತಿಗೆ ಸರಿಯಾಗಿ ಮನಸ್ಸಿನಲ್ಲಿ ಅಳೆಯಲು ಹೋದರೆ ಆಸೆ ಅಳತೆಗೋಲನ್ನು ಎಳೆದು ಉದ್ದ ಮಾಡುತ್ತದೆ. ಮರವಾದರೆ ನಿಂತಲ್ಲೇ ನಿಂತಿರುತ್ತದೆ.

ಮತ್ತೊಂದು. ಕಾಣದೆ ಹೊಡೆಯಬಾರದು. ದಶರಥ ಶಬ್ದವೇಧಿ ಕಲಿತಿದ್ದ, ಕೊಡ ಮುಳುಗಿದ ಸದ್ದಿಗೆ ಆನೆ ಅಂದುಕೊಂಡು ಬಿಟ್ಟ. ಬಾಣ ಗುರಿ ತಪ್ಪಲಿಲ್ಲ. ತಪ್ಪಿದ್ದು ಏನು ಅಂತ ಎಲ್ಲರಿಗೂ ಗೊತ್ತು.

---

ಮಂಡಗದ್ದೆ ಹುಡುಗ · ಆಗಸ್ಟ್ 19, ಮಧ್ಯಾಹ್ನ 12:20

ಹಿರಿಯರೇ, ನಮಸ್ಕಾರ ಮಾಡುತ್ತೇನೆ. ಅಲ್ಲಿಗೆ ಹೋದ ಕೂಡಲೇ ಮಾಡುವ ಮೊದಲ ಕೆಲಸ ನಿಮ್ಮ ಅಪ್ಪಯ್ಯನವರದೇ. ಮರಗಳಿಗೆ ಕಚ್ಚು ಹಾಕುವಂತಿಲ್ಲ, ದಾರ ಕಟ್ಟುತ್ತೇನೆ.

---

ಕೊಪ್ಪದಿಂದ ಮಿಷಿಗನ್ · ಆಗಸ್ಟ್ 19, ರಾತ್ರಿ 8:45

ನಾನು ಪಕ್ಕದ ರಾಜ್ಯದಲ್ಲಿದ್ದೇನೆ, ಐದು ವರ್ಷದಿಂದ ಬಿಲ್ಲಿನ ಶಿಕಾರಿ. ತಟ್ಟೆಯ ಪರೀಕ್ಷೆ ಸರಿ. ಆದರೆ ಅಡಿಕೆ ಅಂಗಳದಲ್ಲಿ ಲುಂಗಿ ಉಟ್ಟು ನಿಂತು ಬಿಟ್ಟದ್ದಕ್ಕೂ ನವೆಂಬರಿನಲ್ಲಿ ಬಿಡುವುದಕ್ಕೂ ಅಜಗಜಾಂತರ. ದಪ್ಪ ಜಾಕೆಟ್ಟಿನ ತೋಳು ದಾರಕ್ಕೆ ತಾಗಿ ಬಾಣ ಪಕ್ಕಕ್ಕೆ ಹೋಗುತ್ತದೆ. ಚಳಿಯಲ್ಲಿ ಬೆನ್ನಿನ ಸ್ನಾಯು ಮರಗಟ್ಟಿ 60 ಪೌಂಡು ಎಳೆಯಲು ಬರುವುದೇ ಇಲ್ಲ. ನನಗೆ ಹಾಗಾಗಿದೆ. ಬಿಲ್ಲನ್ನು ಆಕಾಶಕ್ಕೆ ಎತ್ತಿ ಜಗ್ಗಿದೆ, ಜಿಂಕೆ ನನ್ನನ್ನು ನೋಡಿ ಹೋಯಿತು. ಈಗ 52ಕ್ಕೆ ಇಳಿಸಿಕೊಂಡಿದ್ದೇನೆ. ವಿಸ್ಕಾನ್ಸಿನ್‌ನಲ್ಲಿ ಜಿಂಕೆಗೆ ಬೇಕಾದ ಕನಿಷ್ಠ 30 ಪೌಂಡು ಮಾತ್ರ, ಬ್ರಾಡ್‌ಹೆಡ್ ಕನಿಷ್ಠ ಒಂದು ಇಂಚಿನ ಎಂಟನೇ ಏಳು ಭಾಗ ಅಗಲ ಇರಬೇಕು, ಹರಿತ ಇರಬೇಕು. ಬಲಕ್ಕಿಂತ ಹರಿತ ಮುಖ್ಯ.

ಮುಸ್ಸಂಜೆಯಲ್ಲಿ ದಾರದ ಮೇಲಿನ ಪೀಪ್ ತೂತಿನಿಂದ ನೋಡಿದರೆ ಜಿಂಕೆ ಕಾಣುವುದಿಲ್ಲ, ಬರೀ ಕಪ್ಪು. ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತಿರುತ್ತದೆ, ಅದೇ ಮೋಸ. ಕಾನೂನಿನ ಹೊತ್ತು ಇನ್ನೂ ಹತ್ತು ನಿಮಿಷ ಇದ್ದರೂ ಪೀಪ್ ಕಪ್ಪಾದ ಕೂಡಲೇ ನಾನು ಬಾಣವನ್ನು ಬತ್ತಳಿಕೆಗೆ ಹಾಕುತ್ತೇನೆ.

ಕೂತು ಬಿಡುವುದನ್ನೂ ಅಭ್ಯಾಸ ಮಾಡಿ. ಎಳೆದ ಮೇಲೆ ಒಂದು ನಿಮಿಷ ಹಿಡಿದು ನಿಂತು ಆಮೇಲೆ ಬಿಡುವುದನ್ನು ಕೂಡ. ಜಿಂಕೆ ಮರದ ಹಿಂದೆ ನಿಂತುಬಿಟ್ಟರೆ ಹಿಡಿದೇ ಇರಬೇಕಾಗುತ್ತದೆ. ಬಾಣ ಬಿಡದೆ ದಾರವನ್ನು ಮೆಲ್ಲಗೆ ವಾಪಸ್ ಬಿಡುವುದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಅದು ಕೈಗೆ ಬರದಿದ್ದರೆ "ಎಳೆದಾಯಿತಲ್ಲ, ಬಿಟ್ಟೇಬಿಡೋಣ" ಅನಿಸುತ್ತದೆ.

---

ಆಗುಂಬೆ ಮಳೆ · ಆಗಸ್ಟ್ 19, ರಾತ್ರಿ 9:30

ಕೊನೆಯ ಮಾತಿಗೆ ನನ್ನದೂ ಒತ್ತು. ದಿನಕ್ಕೆ ಐದು ಸಲ ಎಳೆದು ವಾಪಸ್ ಬಿಡು ತಮ್ಮಾ, ಒಂದೇ ಸಲ ಬಾಣ ಬಿಡು.

ನಿಲುವಿನ ವಿಷಯ ಹೇಳುವುದು ಮರೆತೆ. ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲವೇ ಆಚೆಗೆ ಸ್ವಲ್ಪ ಮುಖ ಮಾಡಿ ಓರೆಯಾಗಿ ನಿಂತಿರಬೇಕು. ನಿನ್ನ ಕಡೆಗೆ ಮುಖ ಮಾಡಿದ್ದಕ್ಕೆ, ಹಿಂದಿನಿಂದ, ನಡೆಯುತ್ತಿರುವುದಕ್ಕೆ ಎಷ್ಟು ಹತ್ತಿರವಾದರೂ ಬೇಡ. ಮರದ ಬುಡದಲ್ಲೇ ನಿಂತಿದ್ದು ಸುಲಭ ಅನಿಸುತ್ತದೆ, ಅಲ್ಲ. ಮೇಲಿನಿಂದ ಬೆನ್ನಿಗೆ ಹೊಡೆದರೆ ಒಂದೇ ಶ್ವಾಸಕೋಶ ಸಿಗುತ್ತದೆ, ನೆತ್ತರು ಒಳಗೇ ತುಂಬಿ ಜಾಡೇ ಇರುವುದಿಲ್ಲ. ಕಾಯುವುದು, ಹತ್ತು ಹೆಜ್ಜೆ ಮುಂದೆ ಹೋಗಲಿ ಅಂತ.

ಮತ್ತೆ, ಮರ ಹತ್ತಿದ ಕ್ಷಣದಿಂದ ಇಳಿಯುವವರೆಗೂ ಸುರಕ್ಷತೆಯ ಪಟ್ಟಿ ಮೈಮೇಲಿರಲಿ. ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡರು ಮಳೆಯಲ್ಲಿ ಜಾರುವ ಮರ ನೋಡಿ "ಇವತ್ತು ಇದಕ್ಕೆ ಹತ್ತುವುದಿಲ್ಲ" ಅಂತ ನೇರ ಹೇಳುತ್ತಾರಲ್ಲ, ಐವತ್ತು ವರ್ಷ ಹತ್ತಿದವರೂ ಹೇಳುತ್ತಾರೆ. ಆ ಮಾತು ಬಾಯಿಗೆ ಬರಬೇಕು.

---

ಮಂಡಗದ್ದೆ ಹುಡುಗ · ಆಗಸ್ಟ್ 29, ಬೆಳಗ್ಗೆ 7:15

ನಾಳೆ ಹೊರಡುತ್ತಿದ್ದೇನೆ. ಕ್ಯಾಲೆಂಡರಿನಲ್ಲಿರುವುದನ್ನು ಇದ್ದಂತೆ ಬರೆಯುತ್ತೇನೆ.

20 ಗಜದಲ್ಲಿ ಎರಡನೇ ದಿನವೇ ತಪ್ಪಿತು. ನಾಚಿಕೆಯಾಯಿತು. 50 ಮೀಟರಿನವನು ನಾನು! ನಿದ್ದೆಗಣ್ಣು, ತೊಯ್ದ ಕೈ, ದಾರ ಬಿಡಿಸುವ ರಿಲೀಸಿನ ಗುಂಡಿಯನ್ನು ಗಕ್ಕನೆ ಒತ್ತಿಬಿಟ್ಟೆ. ಆಮೇಲೆ ಐದೂ ದಿನ ಸರಿ ಬಿತ್ತು. 25ಕ್ಕೆ ಹೋದೆ, ಎರಡು ದಿನ ಸರಿ, ಮೂರನೇ ದಿನ ತಟ್ಟೆಯ ಅಂಚಿನಿಂದ ಎರಡು ಬೆರಳು ಆಚೆ. ಅದೇ ದಿನ ಸಂಜೆ ಮೈ ಬಿಸಿಯಾದ ಮೇಲೆ 40 ಗಜದಿಂದ ಹತ್ತು ಬಾಣ ಬಿಟ್ಟೆ, ಒಂಬತ್ತು ತಟ್ಟೆಗೇ ಬಿದ್ದವು. ಬೆಳಗಿನ ನಾನೂ ಸಂಜೆಯ ನಾನೂ ಬೇರೆ ಬೇರೆ ಜನ ಅಂತ ಅರ್ಥವಾಯಿತು. ಜಿಂಕೆ ಬರುವುದು ಬೆಳಗಿನವನ ಹತ್ತಿರ.

20 ಅಂತ ಬರೆದುಕೊಂಡಿದ್ದೇನೆ. ಆ ರೈತರು ನನ್ನ ಬಾಣ ನೋಡದೇ ಹೇಳಿದ ಸಂಖ್ಯೆಯೇ ಅದು.

---

ಗುರಿಫಲಕ · ಆಗಸ್ಟ್ 29, ಬೆಳಗ್ಗೆ 9:00

ನಿಮ್ಮ ಈ ಬೆಳಗಿನ ಒಂದು ಬಾಣದ ಪರೀಕ್ಷೆಯನ್ನು ನನ್ನ ಮಕ್ಕಳಿಗೂ ಹಚ್ಚಿದ್ದೇನೆ. ಪದಕ ಗೆದ್ದ ಹುಡುಗಿಯೊಬ್ಬಳು ಮೂರು ದಿನದಿಂದ ತಪ್ಪುತ್ತಿದ್ದಾಳೆ, ಬಿಡದೆ ಬರುತ್ತಿದ್ದಾಳೆ.

---

ಮಂಡಗದ್ದೆ ಹುಡುಗ · ನವೆಂಬರ್ 10, ರಾತ್ರಿ 10:30

ಎಲ್ಲರಿಗೂ ಹೇಳಬೇಕಾದ್ದಿದೆ.

ಮರಸಿನ ಸುತ್ತ ಐದು ಮರಕ್ಕೆ 20 ಗಜ ಅಳೆದು ದಾರ ಕಟ್ಟಿದ್ದೆ. ಜೋಳದ ಕಡೆಗಿರುವುದು ಒಂದು ಮೇಪಲ್ ಮರ. ಅದಕ್ಕೆ ನಾನು ಹೊನ್ನೆ ಅಂತಲೇ ಹೆಸರಿಟ್ಟಿದ್ದೇನೆ. ಸೆಪ್ಟೆಂಬರಿನಿಂದ ಹನ್ನೊಂದು ಸಲ ಕೂತೆ. ಮೂರು ಸಲ ಜಿಂಕೆ ಹೊನ್ನೆಯಿಂದ ಆಚೆಯೇ ಮೇದು ಹೋದವು. ಒಂದು ಸಲ ಎಳೆದು ವಾಪಸ್ ಬಿಟ್ಟೆ, ಕೈ ನಡುಗುತ್ತಿತ್ತು. ಅಭ್ಯಾಸ ಇಲ್ಲದಿದ್ದರೆ ಖಂಡಿತ ಬಿಟ್ಟುಬಿಡುತ್ತಿದ್ದೆ.

ನಿನ್ನೆ ಬೆಳಗ್ಗೆ, ಸೊನ್ನೆಗಿಂತ ಮೂರು ಡಿಗ್ರಿ ಕೆಳಗಿನ ಚಳಿ. ಒಂಟಿ ಹೆಣ್ಣು ಜಿಂಕೆ 16 ಗಜಕ್ಕೆ ಬಂದು ಅಡ್ಡ ನಿಂತಿತು. ತಲೆ ಕೆಳಗೆ, ಮೇಯುತ್ತಿತ್ತು. ಬಿಟ್ಟೆ. ಬಿಡುವ ಕ್ಷಣದಲ್ಲೇ ಅದು ಮುಂಗಾಲು ಎತ್ತಿ ಒಂದು ಹೆಜ್ಜೆ ಇಟ್ಟಿತು. ಸದ್ದಿಗೆ ಬೆಚ್ಚಿದ್ದಲ್ಲ, ಸುಮ್ಮನೆ ಮುಂದಿನ ಗರಿಕೆಗೆ ಬಾಯಿ ಹಾಕಲು ಇಟ್ಟ ಹೆಜ್ಜೆ. ಬಾಣ ನಾನು ಅಂದುಕೊಂಡದ್ದಕ್ಕಿಂತ ನಾಲ್ಕು ಬೆರಳು ಹಿಂದೆ ಬಿತ್ತು.

ಇಳಿದು ಬಾಣ ನೋಡಿದೆ. ನೊರೆಯಿಲ್ಲ, ಕಪ್ಪು ಮಿಶ್ರಿತ ಕೆಂಪು. ಯಕೃತ್ತು. ಅಣ್ಣನ ಮಾತು ನೆನಪಿಟ್ಟುಕೊಂಡು ಬಾಣ ಅಲ್ಲೇ ನೆಟ್ಟು ಸದ್ದಿಲ್ಲದೆ ಮನೆಗೆ ಬಂದೆ. ಐದು ಗಂಟೆ. ಏನೂ ತಿನ್ನಲಾಗಲಿಲ್ಲ. ರೈತರು ಬಂದು ಜೊತೆಗೆ ಕೂತರು, ಏನೂ ಮಾತಾಡಲಿಲ್ಲ. ಆಮೇಲೆ ಇಬ್ಬರೂ ಹೋಗಿ ಹನಿ ಹನಿ ಜಾಡು ಹಿಡಿದೆವು. 130 ಹೆಜ್ಜೆ. ಬಿದ್ದ ಮರದ ಮರೆಯಲ್ಲಿ ಮಲಗಿದಂತೆಯೇ ಸತ್ತಿತ್ತು. ಮೈ ತಣ್ಣಗಾಗಿತ್ತು, ಬಹಳ ಹೊತ್ತು ಬದುಕಿರಲಿಲ್ಲ ಅಂದರು ಅವರು. ಅದು ನನ್ನ ಸಮಾಧಾನಕ್ಕೆ ಹೇಳಿದ್ದೋ ನಿಜವೋ, ನಾನು ಕೇಳಲಿಲ್ಲ.

ಇವತ್ತು ಬೆಳಗ್ಗೆ ಹೋಗಿ ದಾರಗಳನ್ನೆಲ್ಲ ಬಿಚ್ಚಿ ಒಳಗಿನ ಮರಗಳಿಗೆ ಕಟ್ಟಿ ಬಂದೆ. ಈಗ 15. ಕಾಲು ಎತ್ತಿದೆಯೋ ಊರಿದೆಯೋ ಅಂತ ನೋಡಿ ಬಿಡುವಷ್ಟು ವ್ಯವಧಾನ ನನಗೆ ಅದರಿಂದಾಚೆ ಇಲ್ಲ.

ಸೀತಾಳೆ ಅಕ್ಕ, ನಿಮ್ಮ ಪ್ರಶ್ನೆ ಆ ಐದು ಗಂಟೆಯೂ ನನ್ನ ಜೊತೆ ಕೂತಿತ್ತು.

---

ಸಾಗರದ ಸೀತಾಳೆ · ನವೆಂಬರ್ 11, ಬೆಳಗ್ಗೆ 6:50

ಓದಿದೆ. ನನ್ನ ಅಭಿಪ್ರಾಯ ಬದಲಾಗಿಲ್ಲ ತಮ್ಮಾ. ನೀನು ಇದನ್ನು ಮುಚ್ಚಿಡದೆ ಬರೆದದ್ದು ಒಳ್ಳೆಯದಾಯಿತು.

---

ಆಗುಂಬೆ ಮಳೆ · ನವೆಂಬರ್ 11, ಬೆಳಗ್ಗೆ 7:30

ಕಾದದ್ದು ಸರಿ ಮಾಡಿದೆ. ಎರಡು ಕೆಲಸ ಮರೆತಿಲ್ಲ ತಾನೇ? ಸಿಕ್ಕ ಮಾರನೇ ದಿನ ಸಂಜೆ ಐದರೊಳಗೆ ನೋಂದಣಿ ಆಗಿರಬೇಕು. ಇನ್ನೊಂದು, 2002ರಲ್ಲಿ ಆ ರಾಜ್ಯದ ಜಿಂಕೆಗಳಲ್ಲಿ ಮಿದುಳು ಕ್ಷಯಿಸುವ ರೋಗ ಪತ್ತೆಯಾದಾಗಿನಿಂದ ಗಂಟಲಿನ ಹಿಂದಿನ ಗ್ರಂಥಿಯನ್ನು ಪರೀಕ್ಷೆಗೆ ಕೊಡುವ ವ್ಯವಸ್ಥೆ ಇದೆ. ಎಷ್ಟು ಬೇಯಿಸಿದರೂ ಅದರ ಕಾರಕ ನಾಶವಾಗುವುದಿಲ್ಲ. ಫಲಿತಾಂಶ ಬರುವವರೆಗೆ ಮಾಂಸವನ್ನು ಬೇರೆಯಾಗಿ ಗುರುತು ಹಾಕಿ ಫ್ರೀಜರಿನಲ್ಲಿಡು.

---

ಮಂಡಗದ್ದೆ ಹುಡುಗ · ನವೆಂಬರ್ 11, ರಾತ್ರಿ 9:10

ನೋಂದಣಿ ನಿನ್ನೆಯೇ ಆಯಿತು ಅಣ್ಣ. ಗ್ರಂಥಿ ಇವತ್ತು ಸಂಜೆ ಕೊಟ್ಟು ಬಂದೆ.

---

ಹಳೇ ಹೊಸನಗರ · ನವೆಂಬರ್ 12, ಬೆಳಗ್ಗೆ 10:40

ಅಜ್ಜಯ್ಯನಿಗೆ ಓದಿ ಹೇಳಿದೆ, ನಾನು ಮೊಮ್ಮಗಳು. ಸುಮ್ಮನೆ ಕೇಳಿದರು. ಆಮೇಲೆ ಆ ಮೇಪಲ್ ಮರ ಎಷ್ಟು ದಪ್ಪ ಇದೆ ಅಂತ ಕೇಳಿ ಅಂದರು.